ಕರಿಯನ ಸುತ್ತ ಎಳೆದ ಚೌಕ

ವಿಶ್ವನಾಥಣ್ಣ ಟೀ ಕುಡಿಯುವ ಮೊದಲು ಲೋಟ ಎತ್ತಿ ಅದರ ತಳ ನೋಡುತ್ತಾರೆ. ಲೋಟ ಅವರ ಮನೆಯದೇ ಇರಲಿ, ಅವರೇ ತೊಳೆದದ್ದಿರಲಿ, ನೋಡದೆ ಬಾಯಿಗಿಡುವವರಲ್ಲ. ಒಮ್ಮೆ ಹೀಗೆ ನೋಡಲು ಹೋಗಿ ಅಂಗಿಯ ಮೇಲೆಲ್ಲ ಟೀ ಸುರಿದುಕೊಂಡರು. ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ವಿಭಾಗದಲ್ಲಿದ್ದವರು. ಅಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರೆ "ನೋಡುತ್ತಿದ್ದೆ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಸರಿಯಿದ್ದದ್ದನ್ನು ಮುಂದಕ್ಕೆ ಬಿಡುವುದು, ಸರಿಯಿಲ್ಲದ್ದನ್ನು ಪಕ್ಕಕ್ಕಿಡುವುದು, ಇಷ್ಟನ್ನೇ ಮಾಡಿ ನಿವೃತ್ತರಾದ ಮನುಷ್ಯ.

ಅವರನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಬೈಯಲೂ ಅಲ್ಲ. ಅವರು ಒಬ್ಬರೇ ಹೊತ್ತುಕೊಂಡು ತಿರುಗಿದ ಒಂದು ಹೊರೆಯಲ್ಲಿ ಅರ್ಧ ನನ್ನದಿತ್ತು. ಅದನ್ನು ಹೇಳಬೇಕಾದ ದಿನ ನಾನು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ನಾನು ಗುಂಡ್ಲುಪೇಟೆಯವಳು, ಹೆಸರು ಅಮೃತಾ. ನನಗೆ ಸಂಬಳ ಕೊಡುವುದು ಕಾಡುಪ್ರಾಣಿ ಮತ್ತು ಮನುಷ್ಯರು ಒಬ್ಬರನ್ನೊಬ್ಬರು ಎಡವದಂತೆ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆ. ನೀಲಗಿರಿಯ ಚಹಾತೋಟಗಳಲ್ಲಿ ಕಾಟಿ ಬರುವುದು ಹೊಸದಲ್ಲ. ನಾವು ಕಾಟಿ ಎನ್ನುವುದನ್ನು ಅಲ್ಲಿಯವರು ಬೈಸನ್ ಎನ್ನುತ್ತಾರೆ. ಒಂದು ಟನ್ ತೂಗುವ ಪ್ರಾಣಿ ಎದೆಯೆತ್ತರದ ಗಿಡಗಳ ನಡುವೆ ಮಲಗಿದ್ದರೆ, ಹತ್ತು ಅಡಿ ದೂರ ಹೋಗುವವರೆಗೂ ಕಾಣುವುದಿಲ್ಲ. ಕಂಡಾಗ ತಡವಾಗಿರುತ್ತದೆ. ಅದಕ್ಕೆ ನಮ್ಮ ಸಂಸ್ಥೆ ಒಂದು ಉಪಾಯ ಹೂಡಿತ್ತು. ತೋಟದೊಳಗೆ ಹೋಗುವ ಕಾಲುದಾರಿಗೆ ಕ್ಯಾಮೆರಾ, ದಾರಿಯ ಬಾಯಲ್ಲಿ ಕಂಬ, ಕಂಬದ ತುದಿಗೆ ಕೆಂಪು ದೀಪ. ಕ್ಯಾಮೆರಾದ ಕಣ್ಣಿಗೆ ಕಾಟಿಯೋ ಆನೆಯೋ ಕರಡಿಯೋ ಬಿದ್ದರೆ ದೀಪ ಹತ್ತಬೇಕು. ದನ, ನಾಯಿ, ಮನುಷ್ಯ ಬಂದರೆ ಸುಮ್ಮನಿರಬೇಕು.

ಆದರೆ ಯಂತ್ರಕ್ಕೆ ಹುಟ್ಟಿನಿಂದ ಏನೂ ಗೊತ್ತಿರುವುದಿಲ್ಲ. ಯಾರಾದರೂ ಸಾವಿರಾರು ಚಿತ್ರಗಳನ್ನು ಮುಂದಿಟ್ಟುಕೊಂಡು, ಪ್ರತಿ ಪ್ರಾಣಿಯ ಸುತ್ತ ಮೌಸ್‌ನಲ್ಲಿ ಒಂದು ಚೌಕ ಎಳೆದು, ಇದು ಕಾಟಿ, ಇದು ನಾಯಿ ಎಂದು ಹೆಸರು ಬರೆಯಬೇಕು. ಅದನ್ನು ತಿಂದು ತಿಂದೇ ಯಂತ್ರ ಕಲಿಯುವುದು. ಈ ಕೆಲಸಕ್ಕೆ ಹೊನ್ನೊರೆ ಎಂಬ ಬಡಗರ ಹಟ್ಟಿಯಲ್ಲಿ ಯಾರಾದರೂ ಸಿಗುತ್ತಾರೆಯೇ ಎಂದು ಕೇಳಿದಾಗ ಇಡೀ ಹಟ್ಟಿ ಒಂದೇ ಬೆರಳಿನಲ್ಲಿ ವಿಶ್ವನಾಥಣ್ಣನ ಮನೆ ತೋರಿಸಿತು.

ಮೊದಲ ದಿನವೇ ಜಗಳ ತೆಗೆದರು. ನನಗೆ ಅರ್ಥವಾಗಲೆಂದು ತಮ್ಮ ಬಡಗ ಮಾತನ್ನು ನನ್ನ ಕನ್ನಡದ ಕಡೆಗೆ ಬಗ್ಗಿಸಿ ಮಾತಾಡುತ್ತಿದ್ದರು.

"ಬಾಲ ಚೌಕದ ಒಳಗೆ ಬರೋದಾ, ಇಲ್ಲೆಯಾ?"

"ಸ್ವಲ್ಪ ಹೊರಗಿದ್ದರೂ ಪರವಾಗಿಲ್ಲ ಅಣ್ಣ."

"ಬಾಲ ಬೇರೆ ಯಾರದಾ, ಅಮ್ಮಣಿ? ಅದರದೇ ತಾನೆ? ಹೊರಗೆ ಬಿಟ್ಟರೆ ರಿಜೆಕ್ಟ್."

ಅವರು ಎಳೆದ ಚೌಕ ಪ್ರಾಣಿಯ ಮೈಗೆ ದರ್ಜಿ ಹೊಲಿದ ಅಂಗಿಯಂತೆ ಕೂರುತ್ತಿತ್ತು. ಅರ್ಧ ಮಾತ್ರ ಕಂಡರೆ ಏನು ಮಾಡಬೇಕು ಎಂದು ಕೇಳಿದರು. ಕಂಡಷ್ಟಕ್ಕೆ ಚೌಕ ಎಂದೆ. ಮಂಜಿನಲ್ಲಿ ಕಿವಿ ಮಾತ್ರ ಕಂಡರೆ? ಕಿವಿಗೇ ಚೌಕ. ಏನೆಂದು ಗೊತ್ತಾಗದಿದ್ದರೆ? ಅಷ್ಟು ಹೊತ್ತಿಗೆ ನನಗೆ ಹಸಿವಾಗಿತ್ತು, ಒಳಗಿನಿಂದ ಅವರೆ ಉದಕ ಎನ್ನುವ ಸಾರಿನ ಪರಿಮಳ ಬರುತ್ತಿತ್ತು. "ನಿಮ್ಮ ಹಟ್ಟಿಯಲ್ಲಿ ಅದನ್ನು ಏನಂತೀರೋ ಅದೇ ಬರೀರಿ ಅಣ್ಣ" ಎಂದುಬಿಟ್ಟೆ.

ಅವರು ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೆಳಗೆ ಗೆರೆ ಬೇರೆ ಎಳೆದರು.

ಒಂದು ತಿಂಗಳಾದ ಮೇಲೆ ಯಂತ್ರವನ್ನು ಮೊದಲ ಸಲ ಪರೀಕ್ಷಿಸಿದೆವು. ಹಟ್ಟಿಯ ಕಪ್ಪು ನೀರಿನ ಟ್ಯಾಂಕನ್ನು ನೋಡಿ ಅದು "ಕಾಟಿ, ಶೇಕಡ ಎಂಬತ್ತೊಂದು" ಎಂದಿತು. ಕಂಬಳಿ ಹೊದ್ದು ಎದುರು ನಿಂತ ವಿಶ್ವನಾಥಣ್ಣನಿಗೆ "ಕರಡಿ, ಶೇಕಡ ಅರವತ್ತೆರಡು" ಎಂದಿತು. ಅವರ ಹೆಂಡತಿ ಇಂದ್ರಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಎನಗೆ ಮೂವತ್ತು ವರ್ಷದಿಂದ ಗೊತ್ತು, ಇದಕ್ಕೆ ಯಂತ್ರ ಬೇಕಾ?" ಎಂದು ನಕ್ಕರು. ವಿಶ್ವನಾಥಣ್ಣ ಮಾತ್ರ ನಗಲಿಲ್ಲ. ಟ್ಯಾಂಕಿನ ಇನ್ನೂರು ಚಿತ್ರ ತೆಗೆದು, ಇದು ಯಾವ ಪ್ರಾಣಿಯೂ ಅಲ್ಲ ಎಂದು ಕಲಿಸುವವರೆಗೆ ಬಿಡಲಿಲ್ಲ. ಮೂರು ತಿಂಗಳಲ್ಲಿ ಯಂತ್ರ ಎಷ್ಟು ಹುಷಾರಾಯಿತೆಂದರೆ, ಅವರು ಹಟ್ಟಿಯ ಕಟ್ಟೆಯಲ್ಲಿ ಕೂತು ಅದರ ಪರವಾಗಿ ಭಾಷಣ ಮಾಡತೊಡಗಿದರು. ಮನುಷ್ಯರ ಕಣ್ಣು ರೆಪ್ಪೆ ಬಡಿಯುತ್ತದೆ, ಯಂತ್ರದ್ದು ಬಡಿಯುವುದಿಲ್ಲ ಎಂದರು. ಹಟ್ಟಿಯವರು ನಂಬಿದರು. ಹೇಳಿದವರು ವಿಶ್ವನಾಥಣ್ಣ ಅಲ್ಲವೇ?

ಇನ್ನು ಕರಿಯನ ವಿಷಯ.

ಏಳು ವರ್ಷದ ಹಿಂದೆ ಹೊನ್ನೊರೆಯ ಹಿರಿಯ ಕರಿಯಜ್ಜ ತೀರಿಕೊಂಡ ವಾರದಲ್ಲೇ ಒಂದು ಒಂಟಿ ಮುದಿ ಕಾಟಿ ಹಟ್ಟಿಯ ಅಂಚಿಗೆ ಬಂದು ನಿಂತಿತಂತೆ. ಅರ್ಧ ತಮಾಷೆ, ಅರ್ಧ ಭಕ್ತಿಯಲ್ಲಿ ಅದಕ್ಕೂ ಕರಿಯ ಎಂದೇ ಹೆಸರಾಯಿತು. ಹಟ್ಟಿಯಲ್ಲಿ ದನಗಳಿಗೆ ಉಪ್ಪು ಕೊಡುವ ಹಬ್ಬವೊಂದಿದೆ. ನೆಲದಲ್ಲಿ ಗುಂಡಿ ತೋಡಿ, ಉಪ್ಪುನೀರು ಹುಯ್ದು, ಪ್ರತಿ ಮನೆಯ ದನಕ್ಕೂ ಕುಡಿಸುತ್ತಾರೆ. ಗುಡ್ಡವೆಲ್ಲ ಚಹಾ ಆದ ಮೇಲೆ ಉಳಿದಿರುವುದು ಹನ್ನೊಂದೇ ದನ. ಆದರೂ ಹಬ್ಬ ಬಿಟ್ಟಿಲ್ಲ. ಆ ವರ್ಷ ದನಗಳೆಲ್ಲ ಕುಡಿದು ಹೋದ ಮೇಲೆ ಕರಿಯ ಮೆಲ್ಲಗೆ ಇಳಿದು ಬಂದು ಉಳಿದ ನೀರನ್ನು ತಳ ಕಾಣುವಂತೆ ಕುಡಿದುಹೋಯಿತು. ಹಿರಿಯರು ಕೂತು ಮಾತಾಡಿ ತೀರ್ಮಾನಿಸಿದರು: ಹಟ್ಟಿಯ ಗುಂಡಿಯಲ್ಲಿ ಉಪ್ಪು ಕುಡಿದ ಮೇಲೆ ಅದು ಹಟ್ಟಿಯ ದನ. ಅಂದಿನಿಂದ ಹೊನ್ನೊರೆಯಲ್ಲಿ ಯಾರೂ ಕರಿಯನನ್ನು ಬೈಸನ್ ಎಂದಿಲ್ಲ. ಹನ್ನೆರಡನೆಯ ದನ ಎನ್ನುತ್ತಾರೆ. ಶಾಲೆಗೆ ಹೋಗುವ ಮಕ್ಕಳು "ಕರಿಯಾ, ದಾರಿ ಬಿಡು" ಎಂದರೆ ಬಿಡುತ್ತಾನಂತೆ.

ನಮ್ಮ ಕ್ಯಾಮೆರಾಗಳಿಗೆ ಎಲ್ಲರಿಗಿಂತ ಹೆಚ್ಚು ಸಲ ಸಿಕ್ಕಿದ್ದು ಇದೇ ಕರಿಯ. ಪ್ರತಿ ಚಿತ್ರದಲ್ಲೂ ವಿಶ್ವನಾಥಣ್ಣ ಬಾಲವೂ ಬಿಡದಂತೆ ಚೌಕ ಎಳೆದು ಹೆಸರು ಬರೆದರು: ದನ.

ಅವರಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಅನುಮಾನ ಬಂದಿದ್ದರೂ ನೋಟ್‌ಬುಕ್ಕಿನಲ್ಲಿ ನನ್ನ ಮಾತಿತ್ತು. ಹಟ್ಟಿಯಲ್ಲಿ ಏನಂತೀರೋ ಅದೇ.

ಇದನ್ನು ಹಿಡಿಯಬೇಕಾದವಳು ನಾನು. ಪ್ರತಿ ಹತ್ತು ಚಿತ್ರಕ್ಕೆ ಒಂದನ್ನು ತೆರೆದು ನೋಡಿ, ಸರಿಯಿದೆ ಎಂದು ಹಾಳೆಯಲ್ಲಿ ಸಹಿ ಹಾಕುವುದು ನನ್ನ ಕೆಲಸ. ಮೊದಲ ನಲವತ್ತು ನೋಡಿದೆ. ಒಂದರಲ್ಲೂ ತಪ್ಪಿರಲಿಲ್ಲ, ನಾನೇ ಎಳೆದಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಮೂವತ್ತೊಂದು ವರ್ಷ ನೋಡುವುದನ್ನೇ ಕಸುಬು ಮಾಡಿಕೊಂಡವರ ಕೆಲಸವನ್ನು ಮತ್ತೆ ನೋಡುವುದೇನು ಎಂದುಕೊಂಡೆ. ಉಳಿದ ಹಾಳೆಗಳಿಗೆ ಬಸ್ಸಿನಲ್ಲಿ ಕೂತು ಒಂದೇ ಉಸಿರಿಗೆ ಸಹಿ ಎಳೆದೆ. ಗೌರವ ಎಂದು ಅದಕ್ಕೆ ಹೆಸರಿಟ್ಟುಕೊಂಡಿದ್ದೆ. ಅದು ಶುದ್ಧ ಸೋಮಾರಿತನ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಜೋಗಮ್ಮ ಎಲೆ ಕೊಯ್ಯಲು ಹೊರಟರು. ಜೋಗಮ್ಮನಿಗೆ ಅರವತ್ತಾರು. ವಿಶ್ವನಾಥಣ್ಣನ ದೊಡ್ಡಪ್ಪನ ಮಗನ ಹೆಂಡತಿ, ಎರಡು ಮನೆ ಆಚೆಗಿರುವವರು. ಮದುವೆಯಾಗಿ ಹೊನ್ನೊರೆಗೆ ಬಂದ ವರ್ಷ ಗಂಡನ ಜೊತೆ ನೆಟ್ಟ ಚಹಾ ಗಿಡಗಳನ್ನು ಇವತ್ತಿಗೂ ತಾವೇ ಕೊಯ್ಯುತ್ತಾರೆ. ಬೇರೆಯವರು ಕೊಯ್ದರೆ ಗಿಡ ಕೋಪಿಸಿಕೊಳ್ಳುತ್ತದೆ ಎಂದು ಅವರ ವಾದ. ದಾರಿಯ ಬಾಯಲ್ಲಿ ನಿಂತು ಕಂಬ ನೋಡಿದರು. ದೀಪ ಹತ್ತಿರಲಿಲ್ಲ. ಒಳಗೆ ನಡೆದರು. ತಿರುವಿನ ಸಿಲ್ವರ್ ಓಕ್ ಮರದ ಪಕ್ಕದಲ್ಲಿ ಒಂಟಿ ಕಾಟಿ ನಿಂತಿತ್ತು. ಅದು ತಲೆ ತಗ್ಗಿಸಿ ಬಂದು ಅವರನ್ನು ಎತ್ತಿ ಗಿಡಗಳ ಸಾಲಿನ ಆಚೆ ಎಸೆಯಿತು.

ಕೂಗು ಕೇಳಿ ಓಡಿದವಳು ಸೊಸೆ ತಂಗಮಣಿ. ಜೋಗಮ್ಮನ ಹೆಗಲ ಮೂಳೆ ಮುರಿದಿತ್ತು, ಮೂರು ಪಕ್ಕೆಲುಬು ಬಿರುಕುಬಿಟ್ಟಿದ್ದವು. ಜೀವ ಉಳಿಯಿತು.

ಆ ಮಧ್ಯಾಹ್ನ ವಿಶ್ವನಾಥಣ್ಣನ ಜಗಲಿಯಲ್ಲಿ ಇಬ್ಬರೂ ಲ್ಯಾಪ್‌ಟಾಪ್ ತೆರೆದು ಕೂತೆವು. ಮಂಜಿಗೆ ಕ್ಯಾಮೆರಾ ಕುರುಡಾಗಿರಬೇಕು ಎಂದು ನಾನು ಆಗಲೇ ಒಂದು ನೆಪ ಹುಡುಕಿಟ್ಟಿದ್ದೆ. ಕ್ಯಾಮೆರಾ ಕುರುಡಾಗಿರಲಿಲ್ಲ. ಏಳು ಗಂಟೆ ಹತ್ತು ನಿಮಿಷದ ಚಿತ್ರದಲ್ಲಿ ಪ್ರಾಣಿ ಸ್ಪಷ್ಟವಾಗಿ ನಿಂತಿತ್ತು. ಸುತ್ತಲೂ ಬಾಲ ಬಿಡದಂತೆ ಚೌಕ. ಮೇಲೆ ಅಕ್ಷರ: ದನ, ಶೇಕಡ ತೊಂಬತ್ತನಾಲ್ಕು.

ವಿಶ್ವನಾಥಣ್ಣ ಬಗ್ಗಿ ನೋಡಿದರು. ಅವರ ಕಣ್ಣು ಹೋದದ್ದು ಕೊಂಬಿಗೆ.

"ಕರಿಯನ ಎಡಗೊಂಬಿನ ತುದಿ ಮುರಿದದೆ. ಇದಕ್ಕೆ ಎರಡೂ ಇದೆ. ಇದು ಕರಿಯ ಅಲ್ಲೆ, ಅಮ್ಮಣಿ."

ಬೇರೆ ಯಾವುದೋ ಒಂಟಿ ಕಾಟಿ. ಯಂತ್ರಕ್ಕೆ ಕರಿಯನ ಉಪ್ಪಿನ ಕಥೆ ಗೊತ್ತಿಲ್ಲ. ಹಿಂಡಿನಲ್ಲಿದ್ದರೆ ಕಾಟಿ, ಒಂಟಿಯಾಗಿ ಚಹಾ ಗಿಡದ ನಡುವೆ ನಿಂತಿದ್ದರೆ ದನ ಎಂದು ಅದು ಕಲಿತಿತ್ತು. ಅದು ಒಳ್ಳೆಯ ವಿದ್ಯಾರ್ಥಿ. ಕಲಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿತ್ತು.

ಹಳೆಯ ಚಿತ್ರಗಳನ್ನು ತೆರೆದು ಅವರು ಕರಿಯನನ್ನು ಹುಡುಕುತ್ತ ಹೋದರು. ಮುನ್ನೂರ ಹನ್ನೆರಡು ಸಿಕ್ಕವು. ನೋಡುತ್ತ ನೋಡುತ್ತ ಅವರ ಮುಖದ ಬಣ್ಣ ಇಳಿಯಿತು. "ಎನ್ನ ಮಾತನ್ನೇ ಇದು ಎನಗೆ ತಿರುಗಿ ಹೇಳಿದೆ" ಎಂದರು. ಪರದೆಯ ಇನ್ನೊಂದು ಮೂಲೆಯಲ್ಲಿ ತಪಾಸಣೆಯ ಹಾಳೆ ತೆರೆದಿತ್ತು, ಸಾಲಿನುದ್ದಕ್ಕೂ ನನ್ನ ಸಹಿ. ಅವರು ಕನ್ನಡಕ ಒರೆಸಿಕೊಳ್ಳಲು ತೆಗೆದಾಗ ನಾನು ಆ ಹಾಳೆಯನ್ನು ಮುಚ್ಚಿದೆ.

ಹೌದು, ಮುಚ್ಚಿದೆ. ಬೇಕೆಂದೇ.

ಎರಡು ದಿನ ಕೂತು ಅವರು ಮುನ್ನೂರ ಹನ್ನೆರಡು ಕಡೆ ದನ ಅಳಿಸಿ ಕಾಟಿ ಎಂದು ಬರೆದರು. ಮೌಸ್ ಮುಟ್ಟಲು ನನ್ನನ್ನು ಬಿಡಲಿಲ್ಲ. ಯಂತ್ರ ಮತ್ತೆ ಕಲಿತು ಸರಿಯಾಯಿತು. ಸಣ್ಣ ದೋಷವೊಂದನ್ನು ಸರಿಪಡಿಸಲಾಗಿದೆ ಎಂದು ನಾನು ಕಚೇರಿಗೆ ಬರೆದೆ. ಇಷ್ಟಕ್ಕೆ ಮುಗಿದಿದ್ದರೆ ನಾನೂ ಮರೆತುಬಿಡುತ್ತಿದ್ದೆನೋ ಏನೋ. ಆದರೆ ಅತ್ತ ಹಟ್ಟಿಯಲ್ಲಿ ಬೇರೆಯೇ ಮಾತು ಬೆಳೆಯುತ್ತಿತ್ತು.

ದೀಪ ಹತ್ತಿಯೇ ಇತ್ತು, ಜೋಗಮ್ಮನಿಗೆ ಕಾಣಲಿಲ್ಲ ಎಂದು ಕಟ್ಟೆಯ ಮೇಲೆ ಕೂತವರು ತೀರ್ಪು ಕೊಟ್ಟುಬಿಟ್ಟಿದ್ದರು. ಯಂತ್ರದ ಕಣ್ಣು ರೆಪ್ಪೆ ಬಡಿಯುವುದಿಲ್ಲ ಎಂದು ಅವರಿಗೆ ಕಲಿಸಿದ್ದು ಯಾರು? ಆಸ್ಪತ್ರೆಯಿಂದ ಬಂದ ದಿನ ಜೋಗಮ್ಮ "ಕೆಂಪು ಇಲ್ಲೆ, ನಾ ನಿಂತು ನೋಡಿದೆ" ಎಂದರು. ವಯಸ್ಸಾಯಿತಲ್ಲ ಎಂದು ಎಲ್ಲರೂ ಕನಿಕರದಿಂದ ತಲೆಯಾಡಿಸಿದರು. ತಂಗಮಣಿ ಕೆಟ್ಟವಳಲ್ಲ. ಅತ್ತೆಯ ಮೇಲೆ ಜೀವ ಇಟ್ಟವಳು. ಅದಕ್ಕೇ ಅವರ ಎಲೆ ಚೀಲವನ್ನು ಮಡಿಸಿ ಅಟ್ಟಕ್ಕೆ ಹಾಕಿ, ಹೆಗಲು ಕೂಡಿಕೊಂಡರೂ ಇನ್ನು ತೋಟದ ಕಡೆ ಹೋಗಬಾರದು ಎಂದಳು. ಕಣ್ಣು ಕಾಣದವರನ್ನು ಬೈಸನ್ ಇರುವ ಕಡೆ ಯಾರು ಕಳಿಸುತ್ತಾರೆ?

ವಿಶ್ವನಾಥಣ್ಣ ದಿನಾ ಅವರ ಮನೆಗೆ ಹೋಗುತ್ತಿದ್ದರು. ಬಿಸ್ಕತ್ತಿನ ಪೊಟ್ಟಣ ಇಟ್ಟು, ಅರ್ಧ ಗಂಟೆ ಕೂತು, ಹವಾಮಾನದ ಮಾತಾಡಿ ಎದ್ದು ಬರುತ್ತಿದ್ದರು. ನಾನು ಹೋದಾಗಲೆಲ್ಲ ಜೊತೆಗೆ ಕರೆದೊಯ್ಯುತ್ತಿದ್ದರು. ತಂಗಮಣಿ ಟೀ ಕೊಟ್ಟರೆ ಲೋಟದ ತಳ ನೋಡದೆ ಕುಡಿಯುತ್ತಿದ್ದರು. ಮೂರು ವಾರ ಹೀಗೇ ಕಳೆಯಿತು. ದಾರಿಯಲ್ಲಿ ಒಮ್ಮೆ, "ಹೇಳಬೇಕು, ಅಮ್ಮಣಿ. ಬಾಯಿವರೆಗೆ ಬಂದು ನಿಲ್ಲುತ್ತದೆ" ಎಂದರು. "ಯಂತ್ರ ಈಗ ಸರಿಯಾಗಿದೆಯಲ್ಲ ಅಣ್ಣ, ಹೇಳಿ ಏನಾಗಬೇಕು" ಎಂದೆ. ಅವರಿಗೆ ಸಮಾಧಾನ ಹೇಳಿದಂತೆ ಕಾಣಲಿ ಎಂದು ದನಿಯನ್ನು ಮೆತ್ತಗೆ ಮಾಡಿಕೊಂಡಿದ್ದೆ. ಅವರು ಬಾಯಿ ಬಿಟ್ಟರೆ ನನ್ನ ಸಹಿಯೂ ಹೊರಬರುತ್ತದೆ ಎಂಬುದೇ ನನ್ನ ಚಿಂತೆಯಾಗಿತ್ತು.

ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಹೋದಾಗ ಜೋಗಮ್ಮ ಜಗಲಿಯಲ್ಲಿ ಕೂತಿದ್ದರು. ಎಡಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿತ್ತು. ಮಡಿಲಲ್ಲಿ ಮೊರ, ಮೊರದಲ್ಲಿ ಅವರೆಕಾಳು. ಬಲಗೈಯ ಬೆರಳಿನಿಂದ ಕಾಳನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಸುತ್ತ ಕಲ್ಲು ಹುಡುಕುತ್ತಿದ್ದರು. ನಾವು ಕೂತ ಮೇಲೆ ಎಲ್ಲ ಕಾಳನ್ನೂ ಮತ್ತೆ ಮೊದಲಿನ ಕಡೆಗೆ ಸರಿಸಿ ಹುಡುಕಿದರು. ಮುಗಿದ ಮೇಲೆ ಮೂರನೆಯ ಸಲ ಶುರು ಮಾಡಿದರು. ಆಮೇಲೆ ಮೊರವನ್ನು ವಿಶ್ವನಾಥಣ್ಣನ ಕಡೆ ಚಾಚಿದರು.

"ನೀ ಒಂದು ಸಲ ನೋಡಪ್ಪ. ಎನಗೆ ಕಲ್ಲು ಕಾಣಲಿಲ್ಲೆ. ಆದರೆ ಎನ್ನ ಕಣ್ಣ ನಾ ಹೇಂಗೆ ನಂಬಲಿ? ಅವತ್ತು ದೀಪ ಉರಿದೇ ಇದ್ದಿರಬೇಕು."

ವಿಶ್ವನಾಥಣ್ಣ ಮೊರ ತೆಗೆದುಕೊಂಡರು. ಕಾಳಿನ ಮೇಲೆ ಕಣ್ಣು ಹಾಯಿಸಿದರು. ಅಂಥ ಕಣ್ಣಿಗೆ ಎರಡು ಕ್ಷಣ ಸಾಕು. ಒಂದು ಕಲ್ಲೂ ಇರಲಿಲ್ಲ, ಹುಳುಕು ಕಾಳು ಕೂಡ ಇರಲಿಲ್ಲ. ಮೊರವನ್ನು ಕೆಳಗಿಟ್ಟರು.

"ಅತ್ತಿಗೆ, ದೀಪ ಉರಿಯಲಿಲ್ಲೆ."

ಜೋಗಮ್ಮ ಅವರ ಕಡೆ ತಿರುಗಿ ಕೂತರು.

"ನಿಂಗ ಕಂಡದ್ದೇ ಸರಿ. ಕೆಂಪು ಇಲ್ಲೆ. ಯಂತ್ರ ಅದ ನೋಡಿತು, ನೋಡಿ ದನ ಅಂದಿತು. ಹಂಗೆ ಕಲಿಸಿದವ ನಾ. ಕರಿಯನ ಚಿತ್ರಕ್ಕೆಲ್ಲ ದನ ಅಂತ ಬರೆದವ ನಾನೇ. ತಪ್ಪು ಎಲ್ಲಾ ಎನ್ನದೇ, ಅತ್ತಿಗೆ. ಬೇರೆ ಯಾರದೂ ಇಲ್ಲೆ."

ಎಲ್ಲಾ ಎನ್ನದೇ ಎಂದರು. ಪಕ್ಕದಲ್ಲಿ ಕೂತ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಹಾಳೆ ಅವರಿಗೆ ಆಗಲೇ ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ. ನನ್ನ ಕೈಯಲ್ಲಿ ಟೀ ಲೋಟ ಇತ್ತು. ಏನಾದರೂ ಹೇಳಬೇಕಾದ ಹೊತ್ತು ಅದೇ ಎಂದು ಚೆನ್ನಾಗಿ ತಿಳಿದಿತ್ತು. ನಾನು ಟೀ ಕುಡಿದೆ.

ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು, ತಂಗಮಣಿಗೆ ಕೇಳಿಸಿತ್ತು.

"ಕರಿಯನ ದನ ಅಂದೆಯಾ?" ಎಂದು ಕೇಳಿದರು ಜೋಗಮ್ಮ. "ಎನ್ನ ಕೇಳಿದ್ದರೆ ನಾನೂ ಹಂಗೇ ಅನ್ನುತ್ತಿದ್ದೆ. ಅದಕ್ಕೆ ನಾ ಕೋಪ ಮಾಡೋದಿಲ್ಲೆ. ಬೈಸನ್ ಹೆಗಲು ಮುರಿಯಿತು, ಅದು ಕೂಡಿಕೊಳ್ಳುತ್ತದೆ. ಆದರೆ ಮೂರು ವಾರ ನೀ ಇಲ್ಲಿ ಕೂತು ಬಿಸ್ಕತ್ತು ಕೊಟ್ಟೆ. ಎನ್ನ ಎಲ್ಲರೂ ಕುರುಡಿ ಅಂದರು, ನೀ ಕೇಳಿಕೊಂಡು ಕೂತೆ. ಎನಗೇ ನಾ ಕುರುಡಿ ಅಂತ ಆಗಿಹೋಯಿತು. ಅದಕ್ಕೆ ನೀ ಏನ ಹೇಳುತ್ತೆ?"

ವಿಶ್ವನಾಥಣ್ಣ ತಲೆ ತಗ್ಗಿಸಿ ಅಳುತ್ತಿದ್ದರು. ಅರವತ್ತೊಂದು ವರ್ಷದ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಗ ಜೋಗಮ್ಮ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿದರು, ಕೈಯಲ್ಲಿದ್ದ ಖಾಲಿ ಲೋಟ ನೋಡಿದರು, ಮತ್ತೆ ಮುಖ ನೋಡಿದರು.

"ಇವ ಬರೆದದ್ದ ನೋಡೋ ಕೆಲಸ ನಿನ್ನದಲ್ಲೆಯಾ, ಅಮ್ಮಣಿ?"

ಅವರಿಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಹಾಳೆ, ಸಹಿ ಏನೂ ಅವರಿಗೆ ಗೊತ್ತಿರಲಿಲ್ಲ. ಅರ್ಧ ಗಂಟೆಯಿಂದ ನಾನು ಅಲ್ಲಿ ಕೂತಿದ್ದ ರೀತಿಯನ್ನು ನೋಡಿದ್ದರು, ಅಷ್ಟೇ. ಶಾಲೆಯಲ್ಲಿ, ಕಚೇರಿಯಲ್ಲಿ ಕಲಿತ ಕನ್ನಡವೆಲ್ಲ ಬಿಟ್ಟುಹೋಗಿ ಬಾಯಿಗೆ ಗುಂಡ್ಲುಪೇಟೆಯೇ ಬಂತು.

"ನಂದೇ ಕಣವ್ವ. ನಾ ನೋಡ್ನಿಲ್ಲ. ನೋಡ್ದೇ ಸೈನ್ ಹಾಕ್ಬುಟ್ಟೆ. ಹೇಳ್ಬೇಡಿ ಅಂತ ಅಣ್ಣಂಗೆ ಹೇಳ್ದವಳೂ ನಾನೇ."

ವಿಶ್ವನಾಥಣ್ಣ ತಲೆಯೆತ್ತಿ ನನ್ನನ್ನು ನೋಡಿದರು. ಜೋಗಮ್ಮ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಮೊರವನ್ನು ಒಂದೇ ಕೈಯಲ್ಲಿ ಮಡಿಲಿಗೆ ಎಳೆದುಕೊಂಡು, ಕಾಳನ್ನು ಇನ್ನೊಮ್ಮೆ ನೋಡದೆ ಪಕ್ಕದ ಪಾತ್ರೆಗೆ ಸುರಿದರು.

"ಇದ ಇಲ್ಲಿ ಹೇಳಿದರೆ ಸಾಲದು. ಇಬ್ಬರೂ ಕಟ್ಟೆಗೆ ಹೋಗಿ, ಕೂತವರ ಕಿವಿಗೆ ಬೀಳೋ ಹಂಗೆ ಹೇಳಿ ಬನ್ನಿ" ಎಂದರು. ಆಮೇಲೆ ಒಳಬಾಗಿಲ ಕಡೆ ಮುಖ ಮಾಡಿ ದನಿ ಎತ್ತಿದರು.

"ತಂಗಮಣೀ, ಎನ್ನ ಚೀಲ ಇಳಿಸು."

ಒಳಗೆ ಅಟ್ಟಕ್ಕೆ ಏಣಿ ಎಳೆದ ಸದ್ದು ಕೇಳಿಸಿತು. ನಾವಿಬ್ಬರೂ ಎದ್ದು ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯ ಕಡೆ ನಡೆದೆವು.